ಕಡಲಿಗೆ ಬೆಂಕಿ ಇಡುವ ಮುನ್ನ: ಕಂಪ್ಯೂಟರ್ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಸಮುದ್ರದಲ್ಲಿ ಸೋರಿದ ಕಚ್ಚಾ ತೈಲವನ್ನು ಬೆಂಕಿಯ ಸುಂಟರಗಾಳಿ ಎಬ್ಬಿಸಿ ಸುಟ್ಟರೆ ಮಸಿ ಶೇ 40ರಷ್ಟು ತಗ್ಗುತ್ತದೆ, ಎಣ್ಣೆ ಶೇ 95ರವರೆಗೆ ಉರಿದುಹೋಗುತ್ತದೆ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ನಡೆಸಿದ ಪ್ರಯೋಗದ ಸುದ್ದಿ ಇದು. ಓದಿದವರಿಗೆ ಗೊಂದಲವಾಗಿದ್ದರೆ ಅದು ಸಹಜ. 2025ರ ಜೂನ್ 9ರಂದು ಕೇರಳದಾಚೆಯ ಕಡಲಿನಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗು ಹೊತ್ತಿ ಉರಿದಾಗ ಇಡೀ ಕರಾವಳಿ ಆತಂಕಪಟ್ಟಿತ್ತು. ಪಾರಾದ 18 ನಾವಿಕರನ್ನು ಕರೆತಂದದ್ದು ಮಂಗಳೂರಿಗೇ. ಆಗ ವಿಪತ್ತಾಗಿದ್ದ ಬೆಂಕಿ ಈಗ ಮದ್ದು ಹೇಗಾಯಿತು?

ಈ ಪ್ರಶ್ನೆಯ ಹಿಂದೆ ಸುದ್ದಿಯಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಪ್ರಶ್ನೆ ಇದೆ. ಅಪಘಾತದ ದಿನ ಸುಡಬೇಕೋ ಬೇಡವೋ ಎಂದು ಹೇಳಬೇಕಾದ ಅಧಿಕಾರಿ ನೆಚ್ಚಿಕೊಳ್ಳುವುದು ಕಂಪ್ಯೂಟರ್ ಮಾದರಿಗಳನ್ನು. ಹೊಗೆ ಯಾವ ಊರಿನತ್ತ ಹೋಗುತ್ತದೆ, ಎಣ್ಣೆ ಹೊತ್ತಿಕೊಳ್ಳುತ್ತದೆಯೇ, ಎಷ್ಟು ಉಳಿಯುತ್ತದೆ ಎಂಬುದನ್ನೆಲ್ಲ ಅವು ಮುಂಚಿತವಾಗಿ ಹೇಳಬೇಕು. ಅವುಗಳ ಮಾತನ್ನು ಪರೀಕ್ಷಿಸಿದವರು ಯಾರು, ಯಾವುದರ ಎದುರು ಇಟ್ಟು ಪರೀಕ್ಷಿಸಿದರು? ಈ ಲೇಖನ ಹುಡುಕುವುದು ಅದನ್ನು.

ಉರಿಯುವುದು ಎಣ್ಣೆಯಲ್ಲ, ಅದರ ಆವಿ

ಗಾಜಿನ ಲೋಟದಲ್ಲಿ ನೀರು ತುಂಬಿ, ಮೇಲೆ ಎಣ್ಣೆ ಸುರಿದು, ಬತ್ತಿ ತೇಲಿಸಿ ಹಚ್ಚುವ ದೀಪ ಹಲವು ಮನೆಗಳಲ್ಲಿ ಇರುತ್ತದೆ. ಎಣ್ಣೆಯ ಪದರ ತೆಳುವಾಗುತ್ತ ಬಂದಂತೆ ಬತ್ತಿ ಚಟಪಟ ಸದ್ದು ಮಾಡಿ ಆರಿಹೋಗುತ್ತದೆ. ಲೋಟದಲ್ಲಿ ಇನ್ನೂ ಒಂದಿಷ್ಟು ಎಣ್ಣೆ ಉಳಿದಿರುತ್ತದೆ, ಆದರೆ ಉರಿಯುವುದಿಲ್ಲ. ಕಡಲಿನ ಬೆಂಕಿಯೂ ಬಹುಮಟ್ಟಿಗೆ ಇದೇ ರೀತಿ ನಡೆಯುತ್ತದೆ, ಬತ್ತಿ ಮಾತ್ರ ಇರುವುದಿಲ್ಲ.

ದ್ರವರೂಪದ ಎಣ್ಣೆಗೆ ಬೆಂಕಿ ಹತ್ತುವುದಿಲ್ಲ. ಅದು ಕಾದು ಆವಿಯಾಗಬೇಕು, ಆ ಆವಿ ಗಾಳಿಯೊಡನೆ ಬೆರೆತು ಉರಿಯಬೇಕು. ಉರಿಯುವ ಜ್ವಾಲೆಯ ಶಾಖದಲ್ಲಿ ಬಹುಪಾಲು ಮೇಲಕ್ಕೆ ಹೋಗಿಬಿಡುತ್ತದೆ. ಶೇ 2–3ರಷ್ಟು ಮಾತ್ರ ಹಿಂದಿರುಗಿ ಎಣ್ಣೆಯ ಮೈಗೆ ತಾಗುತ್ತದೆ. ಮುಂದಿನ ಕ್ಷಣಕ್ಕೆ ಬೇಕಾದ ಆವಿಯನ್ನು ಎಬ್ಬಿಸುವುದು ಈ ಚಿಕ್ಕ ಪಾಲು. ಕೆಳಗಿರುವ ತಣ್ಣನೆಯ ನೀರು ಆ ಶಾಖವನ್ನೂ ಹೀರುತ್ತಿರುತ್ತದೆ. ದಪ್ಪ ಪದರವಿದ್ದರೆ ಎಣ್ಣೆಯೇ ಹೊದಿಕೆಯಂತೆ ಶಾಖವನ್ನು ತಡೆದಿಡುತ್ತದೆ. ಪದರ ಸುಮಾರು 1 ಮಿಲಿಮೀಟರ್‌ಗೆ ಇಳಿದರೆ ತಡೆಯಲು ಏನೂ ಉಳಿಯುವುದಿಲ್ಲ, ಬೆಂಕಿ ಆರುತ್ತದೆ.

ಹೀಗಾಗಿ ಸುಡುವವರ ಮೊದಲ ಕೆಲಸ ಎಣ್ಣೆಯನ್ನು ಒಟ್ಟುಗೂಡಿಸುವುದು. ಎರಡು ದೋಣಿಗಳು ಬೆಂಕಿ ತಾಳುವ ಬೂಮ್ ಎಂಬ ತೇಲುಬೇಲಿಯನ್ನು ಇಂಗ್ಲಿಷ್‌ನ ಯು ಅಕ್ಷರದಂತೆ ಹಿಡಿದು ನಿಧಾನವಾಗಿ ಎಳೆಯುತ್ತವೆ. ಎಣ್ಣೆ ಅದರ ಹೊಟ್ಟೆಯಲ್ಲಿ ಸೇರಿ ದಪ್ಪವಾಗುತ್ತದೆ. ತಾಜಾ ಹಗುರ ಕಚ್ಚಾ ತೈಲವಾದರೆ 1 ಮಿಲಿಮೀಟರ್ ದಪ್ಪವಿದ್ದರೂ ಹೊತ್ತಿಸಬಹುದು. ದಿನ ಕಳೆದ ತೈಲಕ್ಕೆ 2–3 ಮಿಲಿಮೀಟರ್ ಬೇಕು. ಹಡಗಿನ ಎಂಜಿನ್ನಿಗೆ ಹಾಕುವ ಭಾರವಾದ ಫರ್ನೇಸ್ ಆಯಿಲ್ ಆದರೆ 10 ಮಿಲಿಮೀಟರ್‌ನಷ್ಟಾದರೂ ಇರಬೇಕು.

ಇದರ ನಡುವೆ ಅಲೆಗಳು ತಮ್ಮ ಕೆಲಸ ಮಾಡುತ್ತಿರುತ್ತವೆ. ಮೊಸರು ಕಡೆದಂತೆ ಅವು ಎಣ್ಣೆಯೊಳಗೆ ನೀರನ್ನು ಕಡೆದು ಬೆರೆಸುತ್ತವೆ. ನೀರಿನ ಪಾಲು ಸುಮಾರು ಶೇ 25 ದಾಟಿದರೆ ಬೆಂಕಿ ಹತ್ತಿಸುವುದು ಕಷ್ಟ. ಆ ನೀರು ಕುದಿದು ಹೋಗುವ ತನಕ ಎಣ್ಣೆ ಆವಿಯಾಗುವಷ್ಟು ಕಾಯುವುದೇ ಇಲ್ಲ. ಇಡೀ ಕಾರ್ಯಾಚರಣೆಗೆ ಸಿಗುವ ಕಾಲಾವಕಾಶವನ್ನು ಬಹಳ ಸಲ ದಿನಗಳಲ್ಲಲ್ಲ, ಗಂಟೆಗಳಲ್ಲಿ ಎಣಿಸಬೇಕಾಗುತ್ತದೆ.

ಒಂದೇ ಬೆಂಕಿಗೆ ಎರಡು ಶೇಕಡಾವಾರು

1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೆಜ್ ಟ್ಯಾಂಕರ್ ಬಂಡೆಗೆ ಬಡಿಯಿತು. ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾ ತೈಲ ಸೋರಿತು. ಮರುದಿನ ಸಂಜೆ ಪ್ರಯೋಗಕ್ಕೆಂದು 15,000ದಿಂದ 30,000 ಗ್ಯಾಲನ್ ತೈಲವನ್ನು ಬೂಮ್‌ನಲ್ಲಿ ಹಿಡಿದು ಸುಟ್ಟರು. ಕೊನೆಗೆ ಉಳಿದದ್ದು ಸುಮಾರು 300 ಗ್ಯಾಲನ್ ಗಟ್ಟಿ ಶೇಷ. ಅಂದರೆ ಶೇ 98ಕ್ಕೂ ಹೆಚ್ಚು ಸುಟ್ಟುಹೋಗಿತ್ತು. ಅಷ್ಟರಲ್ಲಿ ಬಿರುಗಾಳಿ ಎದ್ದು ಉಳಿದ ತೈಲವನ್ನು ನೀರಿನೊಂದಿಗೆ ಕಡೆದು ಹಾಕಿತು, ಮತ್ತೆ ಬೆಂಕಿ ಹಚ್ಚಲಾಗಲಿಲ್ಲ.

ಶೇ 98 ಎಂಬುದು ಸುಳ್ಳಲ್ಲ. ಆದರೆ ಸೋರಿದ ಒಟ್ಟು ತೈಲಕ್ಕೆ ಹೋಲಿಸಿದರೆ ಸುಟ್ಟದ್ದು ಶೇ 0.3ಕ್ಕಿಂತ ಕಡಿಮೆ. ಮೊದಲನೆಯ ಅಂಕಿ ಬೂಮ್‌ನೊಳಗೆ ಸೇರಿದ ಎಣ್ಣೆಯ ಕಥೆ ಹೇಳುತ್ತದೆ, ಎರಡನೆಯದು ಕಡಲಿನ ಕಥೆಯನ್ನು. ಪತ್ರಿಕಾ ಹೇಳಿಕೆಗಳಲ್ಲಿ ಮೊದಲನೆಯದೇ ಕಾಣಿಸಿಕೊಳ್ಳುವುದು ಹೆಚ್ಚು. ಯಾಕೆ ಎಂದು ವಿವರಿಸಬೇಕಾಗಿಲ್ಲ.

ಮೊದಲನೆಯ ಅಂಕಿಯಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. 1 ಮಿಲಿಮೀಟರ್ ದಪ್ಪಕ್ಕೆ ಇಳಿದಾಗ ಬೆಂಕಿ ಆರುತ್ತದೆ ಎಂದಾದರೆ, 100 ಮಿಲಿಮೀಟರ್ ದಪ್ಪದ ಪದರ ಶೇ 99ರಷ್ಟು ಸುಡುತ್ತದೆ, 10 ಮಿಲಿಮೀಟರ್‌ನದು ಶೇ 90ರಷ್ಟು, 2 ಮಿಲಿಮೀಟರ್‌ನದು ಅರ್ಧದಷ್ಟು. ‘ದಕ್ಷತೆ’ ಎಂದು ಕರೆಯುವ ಗುಣ ಬಹುಪಾಲು ಆರಂಭದ ದಪ್ಪದಿಂದಲೇ ತೀರ್ಮಾನವಾಗಿರುತ್ತದೆ. ಪ್ರಯೋಗಾಲಯದ ತೊಟ್ಟಿಯಲ್ಲಿ ಎಷ್ಟು ದಪ್ಪ ಸುರಿದಿದ್ದರು ಎಂದು ಹೇಳದೆ ಶೇ 95 ಎಂದರೆ ಅದರಿಂದ ತಿಳಿಯುವುದು ಅಷ್ಟಕ್ಕಷ್ಟೇ.

ಮೂರು ಮಾದರಿಗಳು, ಮೂರು ಪ್ರಶ್ನೆಗಳು

‘ಕಂಪ್ಯೂಟರ್ ಮಾದರಿ’ ಎಂದಾಗ ಒಂದೇ ಯಂತ್ರವನ್ನು ಊಹಿಸಿಕೊಳ್ಳಬಾರದು. ಇಲ್ಲಿ ಕನಿಷ್ಠ ಮೂರು ಜಾತಿಯ ಲೆಕ್ಕಗಳಿವೆ, ಒಂದರ ಉತ್ತರ ಇನ್ನೊಂದಕ್ಕೆ ಪ್ರಶ್ನೆಯಾಗುತ್ತದೆ.

ಮೊದಲನೆಯದು ಎಣ್ಣೆ ಎಲ್ಲಿಗೆ ಹರಿಯುತ್ತದೆ, ದಿನ ಕಳೆದಂತೆ ಹೇಗೆ ಬದಲಾಗುತ್ತದೆ ಎಂದು ಹೇಳುವ ಮಾದರಿ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತವಾದ ನೋವಾ ರೂಪಿಸಿದ ‘ಗ್ನೋಮ್’ ಇವುಗಳಲ್ಲಿ ಹೆಸರಾದದ್ದು. ಹೈದರಾಬಾದ್‌ನಲ್ಲಿರುವ ನಮ್ಮ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನ ತೈಲ ಸೋರಿಕೆ ಮುನ್ಸೂಚನಾ ವ್ಯವಸ್ಥೆ ನಿಂತಿರುವುದೂ ಇದರ ಮೇಲೆ.

ಎರಡನೆಯದು ಬೆಂಕಿಯ ಮಾದರಿ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2000ದಲ್ಲಿ ಬಿಡುಗಡೆ ಮಾಡಿದ ‘ಎಫ್‌ಡಿಎಸ್’ ಎಂಬ ತಂತ್ರಾಂಶ ಜ್ವಾಲೆ, ಶಾಖ ಮತ್ತು ಹೊಗೆಯ ಚಲನೆಯನ್ನು ಲೆಕ್ಕ ಹಾಕುತ್ತದೆ. ಕಟ್ಟಡಗಳ ಅಗ್ನಿಸುರಕ್ಷತೆಗೆ ಜಗತ್ತಿನಾದ್ಯಂತ ಬಳಸುವುದು ಇದನ್ನೇ.

ಮೂರನೆಯದು ಹೊಗೆ ಹತ್ತಾರು ಕಿಲೋಮೀಟರ್ ದೂರ ಹೇಗೆ ಸಾಗುತ್ತದೆ ಎಂಬುದರದು. ನಿಸ್ಟ್ ವಿಜ್ಞಾನಿಗಳೇ 1990ರ ದಶಕದಲ್ಲಿ ‘ಅಲಾಫ್ಟ್’ ಎಂಬ ಮಾದರಿ ಕಟ್ಟಿದರು. ಅಲಾಸ್ಕಾದಲ್ಲಿ ಜನವಸತಿಯಿಂದ ಎಷ್ಟು ದೂರದಲ್ಲಿ ಸುಡಬಹುದು ಎಂದು ನಿಯಮ ರೂಪಿಸುವಾಗ ಬಳಕೆಯಾದದ್ದು ಇದು. ಎಫ್‌ಡಿಎಸ್ ಹುಟ್ಟಿಗೆ ಈ ಕೆಲಸವೂ ಒಂದು ಕಾರಣ. ಕಟ್ಟಡದ ಬೆಂಕಿಯ ಲೆಕ್ಕದ ಬೇರು ಕಡಲಿನ ಬೆಂಕಿಯಲ್ಲಿಯೂ ಇದೆ ಎಂಬುದು ಸ್ವಾರಸ್ಯದ ಸಂಗತಿ.

ಈ ಸರಪಳಿಯಲ್ಲಿ ಮೊದಲ ಕೊಂಡಿ ಎಣ್ಣೆಯ ದಪ್ಪವನ್ನು ತಪ್ಪಾಗಿ ಹೇಳಿದರೆ ಎರಡನೆಯದು ಬೆಂಕಿಯ ಗಾತ್ರವನ್ನು ತಪ್ಪಾಗಿ ಹೇಳುತ್ತದೆ. ಬೆಂಕಿಯ ಗಾತ್ರ ತಪ್ಪಿದರೆ ಹೊಗೆ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ತಪ್ಪುತ್ತದೆ. ಎತ್ತರ ತಪ್ಪಿದರೆ ನೆಲಮಟ್ಟದಲ್ಲಿ ಉಸಿರಾಡುವವರಿಗೆ ಸಿಗುವ ಹೊಗೆಯ ಪ್ರಮಾಣವೂ ತಪ್ಪುತ್ತದೆ.

ಲೆಕ್ಕ ಸರಿಯೇ? ಸರಿಯಾದ ಲೆಕ್ಕವೇ?

ಮಾದರಿಗಳನ್ನು ಪರೀಕ್ಷಿಸುವವರು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುತ್ತಾರೆ. ಸಮೀಕರಣಗಳನ್ನು ಕಂಪ್ಯೂಟರ್ ತಪ್ಪಿಲ್ಲದೆ ಬಿಡಿಸಿದೆಯೇ ಎಂಬುದು ಒಂದು. ಬಿಡಿಸಿದ ಸಮೀಕರಣಗಳು ನಿಜವಾದ ಬೆಂಕಿಯನ್ನು ಹೋಲುತ್ತವೆಯೇ ಎಂಬುದು ಇನ್ನೊಂದು. ಮೊದಲನೆಯದನ್ನು ಕುರ್ಚಿ ಬಿಟ್ಟು ಏಳದೆ ಪರೀಕ್ಷಿಸಬಹುದು. ಎರಡನೆಯದಕ್ಕೆ ಎಲ್ಲೋ ಒಂದು ಕಡೆ ನಿಜವಾಗಿ ಎಣ್ಣೆ ಸುಡಬೇಕು. ತೊಡಕು ಶುರುವಾಗುವುದು ಅಲ್ಲಿಂದ.

ಮೊದಲು ಗಾತ್ರದ ತೊಡಕು ನೋಡೋಣ. ಮಾದರಿ ಗಾಳಿಯನ್ನು ಸಣ್ಣ ಸಣ್ಣ ಡಬ್ಬಿಗಳಾಗಿ ವಿಭಾಗಿಸಿ ಪ್ರತಿಯೊಂದರಲ್ಲೂ ಉಷ್ಣತೆ, ವೇಗ, ಹೊಗೆಯನ್ನು ಲೆಕ್ಕ ಮಾಡುತ್ತದೆ. ಜ್ವಾಲೆಯ ಒಳಗಿನ ರಾಸಾಯನಿಕ ಕ್ರಿಯೆ ನಡೆಯುವ ಪದರ ಮಿಲಿಮೀಟರ್ ಲೆಕ್ಕದ್ದು. ಹೊಗೆ ಸಾಗುವುದು ಕಿಲೋಮೀಟರ್‌ಗಟ್ಟಲೆ. ಹತ್ತು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲ, ಒಂದು ಕಿಲೋಮೀಟರ್ ಎತ್ತರದ ಆಕಾಶವನ್ನು 10 ಸೆಂಟಿಮೀಟರ್ ಡಬ್ಬಿಗಳಾಗಿ ಕತ್ತರಿಸಿದರೂ 40 ಲಕ್ಷ ಕೋಟಿ ಡಬ್ಬಿಗಳಾಗುತ್ತವೆ. ಡಬ್ಬಿಯ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಸಂಖ್ಯೆ ಎಂಟು ಪಟ್ಟಾಗುತ್ತದೆ, ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ದುಡಿಮೆ ಹದಿನಾರು ಪಟ್ಟಾಗುತ್ತದೆ. ಆದ್ದರಿಂದ ಯಾವ ಮಾದರಿಯೂ ಎಲ್ಲವನ್ನೂ ಲೆಕ್ಕ ಹಾಕುವುದಿಲ್ಲ. ಸೂಕ್ಷ್ಮವಾದದ್ದನ್ನು ಒಂದು ಅಂದಾಜು ಸೂತ್ರದಲ್ಲಿ ಮುಚ್ಚಿಟ್ಟು ದೊಡ್ಡದನ್ನು ಲೆಕ್ಕ ಹಾಕುತ್ತದೆ.

ಹಾಗೆ ಮುಚ್ಚಿಟ್ಟದ್ದರಲ್ಲಿ ಮುಖ್ಯವಾದದ್ದು ಮಸಿ. ಎಣ್ಣೆ ಉರಿದಾಗ ಎಷ್ಟು ಮಸಿ ಹುಟ್ಟುತ್ತದೆ ಎಂದು ಎಫ್‌ಡಿಎಸ್ ಸಾಮಾನ್ಯ ಬಳಕೆಯಲ್ಲಿ ತಾನಾಗಿ ಕಂಡುಹಿಡಿಯುವುದಿಲ್ಲ. ಬಳಸುವವರು ಆ ಅಂಕಿಯನ್ನು ಮೊದಲೇ ತುಂಬುತ್ತಾರೆ. ಮಾದರಿ ಮಾಡುವುದು ಆ ಮಸಿ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು. ನಿಸ್ಟ್‌ನ ಪ್ರಯೋಗಗಳಲ್ಲಿ ಕಚ್ಚಾ ತೈಲದ ತೂಕದ ಶೇ 10–15ರಷ್ಟು ಹೊಗೆಯ ಕಣಗಳಾದದ್ದು ಕಂಡಿತ್ತು. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಸೋರಿದ ಎಣ್ಣೆಯನ್ನು ಸುಟ್ಟಾಗ ಎದ್ದ ಹೊಗೆಯೊಳಗೆ ನೋವಾ ವಿಮಾನ ಹಾರಿ ಅಳೆದಾಗ ಕಪ್ಪು ಇಂಗಾಲ ಸುಮಾರು ಶೇ 4 ಎಂದು ಬಂತು. ಅಳತೆಯ ವಿಧಾನ ಬೇರೆ, ಅಳೆದ ವಸ್ತುವೂ ಪೂರ್ತಿ ಒಂದೇ ಅಲ್ಲ. ಒಂದು ಸರಿ ಇನ್ನೊಂದು ತಪ್ಪು ಎನ್ನಲಾಗದು. ಆದರೆ ಯಾವ ಅಂಕಿಯನ್ನು ತುಂಬಿದ್ದೀರಿ ಎಂಬುದರ ಮೇಲೆ ತೀರದ ಊರಿನ ಗಾಳಿಯ ಮುನ್ಸೂಚನೆ ಎರಡೂವರೆಯಿಂದ ನಾಲ್ಕು ಪಟ್ಟಿನ ಹತ್ತಿರ ಬದಲಾಗಬಹುದು. ಉತ್ತರ ತೆರೆಯ ಮೇಲೆ ಬಣ್ಣಬಣ್ಣದ ನಕ್ಷೆಯಾಗಿ ಬಂದಾಗ ಈ ಸಂಗತಿ ಯಾರಿಗೂ ಕಾಣುವುದಿಲ್ಲ.

ಒಂದಗುಳಿನ ಪರೀಕ್ಷೆ ಬೆಂಕಿಗೆ ಸಲ್ಲದು

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ಬೆಂಕಿಯ ವಿಷಯದಲ್ಲಿ ಈ ಮಾತು ನಡೆಯುವುದಿಲ್ಲ. ಅಂಗೈ ಅಗಲದ ತಟ್ಟೆಯಲ್ಲಿ ಉರಿಯುವ ಎಣ್ಣೆ ಒಂದು ರೀತಿ, ಮೀಟರ್ ಅಗಲದ್ದು ಬೇರೆ ರೀತಿ. ತಟ್ಟೆ ಚಿಕ್ಕದಿದ್ದಾಗ ಅಂಚಿನ ಲೋಹವೇ ಶಾಖ ಸಾಗಿಸುತ್ತದೆ, ಜ್ವಾಲೆ ಶಾಂತವಾಗಿರುತ್ತದೆ. ಅಗಲವಾದಂತೆ ಜ್ವಾಲೆ ಕೆರಳುತ್ತದೆ, ಶಾಖ ಮುಖ್ಯವಾಗಿ ವಿಕಿರಣದಿಂದ ಹಿಂದಿರುಗುತ್ತದೆ, ಉರಿಯುವ ವೇಗ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಇನ್ನೂ ದೊಡ್ಡದಾದರೆ ದಟ್ಟ ಹೊಗೆಯೇ ಅಡ್ಡ ನಿಂತು ಶಾಖವನ್ನು ನುಂಗುತ್ತದೆ. ಚಿಕ್ಕದರಲ್ಲಿ ಸರಿಯಾಗಿ ಬಂದ ಮಾದರಿ ದೊಡ್ಡದರಲ್ಲಿಯೂ ಸರಿಯಾಗಿಯೇ ಬರುತ್ತದೆ ಎಂಬ ಭರವಸೆ ಇಲ್ಲ.

ದೊಡ್ಡ ಪ್ರಯೋಗಗಳು ಬೆರಳೆಣಿಕೆಯಷ್ಟು. ಅಲಬಾಮಾದ ಮೊಬೈಲ್ ಕೊಲ್ಲಿಯಲ್ಲಿರುವ ಪುಟ್ಟ ದ್ವೀಪವೊಂದರಲ್ಲಿ 1990ರ ದಶಕದ ಮೊದಲ ಭಾಗದಲ್ಲಿ ತೊಟ್ಟಿ ಕಟ್ಟಿ ಸುಟ್ಟರು. 1993ರ ಆಗಸ್ಟ್‌ನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಆಚೆಯ ತೆರೆದ ಕಡಲಿನಲ್ಲಿ ಬೇಕೆಂದೇ ಎಣ್ಣೆ ಸುರಿದು ಎರಡು ಸಲ ಸುಟ್ಟರು; ಹೊಗೆಯ ಒಳಗೂ ಹೊರಗೂ ಉಪಕರಣ ಹಾರಿಸಿ ಅಳೆದರು. ಪ್ರಯೋಗಕ್ಕಾಗಿ ಕಡಲಿಗೆ ಎಣ್ಣೆ ಸುರಿಯಲು ಯಾವ ಸರ್ಕಾರವೂ ಸುಲಭಕ್ಕೆ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು. ಫಲವಾಗಿ, ಮೂವತ್ತು ವರ್ಷ ಹಳೆಯ ಈ ಅಳತೆಗಳನ್ನೇ ಹೊಸ ಮಾದರಿಗಳ ಒರೆಗಲ್ಲಾಗಿ ಮತ್ತೆ ಮತ್ತೆ ಬಳಸಬೇಕಾಗಿದೆ.

ಹಾಗಾದರೆ ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ಸೋರಿದ 2010ರ ಡೀಪ್‌ವಾಟರ್ ಹೊರೈಜ಼ನ್ ದುರಂತ? ಏಪ್ರಿಲ್ 20ರಂದು ಕೊರೆಯುವ ವೇದಿಕೆ ಸ್ಫೋಟಿಸಿ 11 ಮಂದಿ ಸತ್ತರು; ಬಾವಿಯನ್ನು ಮುಚ್ಚಲು 87 ದಿನ ಹಿಡಿಯಿತು. ಆ ಅವಧಿಯಲ್ಲಿ ಸಿಗಡಿ ಹಿಡಿಯುವ ದೋಣಿಗಳಿಗೆ ಬೂಮ್ ಕಟ್ಟಿ 411 ಸಲ ಎಣ್ಣೆ ಸುಟ್ಟರು. ಒಂದು ಬೆಂಕಿಯಂತೂ ಹೊಸ ಎಣ್ಣೆ ಸೇರುತ್ತ ಹೋದಂತೆ ಹನ್ನೆರಡು ಗಂಟೆಗಳ ಹತ್ತಿರ ಉರಿಯಿತು. ಒಟ್ಟು 2.2 ಲಕ್ಷದಿಂದ 3.1 ಲಕ್ಷ ಬ್ಯಾರಲ್ ಸುಟ್ಟಿತು, ಅದು ಸೋರಿದ್ದರ ಶೇ 5ರಷ್ಟು ಎಂದು ಸರ್ಕಾರದ ಅಂದಾಜು. ಮಾದರಿಗಳನ್ನು ಒರೆಗೆ ಹಚ್ಚಲು ಇದಕ್ಕಿಂತ ದೊಡ್ಡ ಪ್ರಯೋಗ ಬೇಕೇ ಎನ್ನಿಸಬಹುದು.

ಆದರೆ ಆ ಅಂಕಿ ಬಂದ ದಾರಿ ನೋಡಿ. ಉರಿಯುವ ಎಣ್ಣೆಯನ್ನು ಯಾರೂ ತೂಗಲಿಲ್ಲ, ತೂಗಲು ಸಾಧ್ಯವೂ ಇರಲಿಲ್ಲ. ಬೆಂಕಿ ಆವರಿಸಿದ ವಿಸ್ತೀರ್ಣವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿ, ಉರಿದ ಸಮಯದಿಂದ ಗುಣಿಸಿ, ನಿಮಿಷಕ್ಕೆ ಇಷ್ಟು ಮಿಲಿಮೀಟರ್ ಉರಿಯುತ್ತದೆ ಎಂಬ ಹಳೆಯ ಪ್ರಯೋಗಗಳ ದರದಿಂದ ಮತ್ತೆ ಗುಣಿಸಿದರು. ದರದ ಕೆಳ ಅಂದಾಜಿಗೆ ಒಂದು ಮೊತ್ತ, ಮೇಲಿನ ಅಂದಾಜಿಗೆ ಇನ್ನೊಂದು. ಎರಡರ ನಡುವೆ 90 ಸಾವಿರ ಬ್ಯಾರಲ್ ಅಂತರ ಹುಟ್ಟಿದ್ದು ಹೀಗೆ. ಅಂದರೆ ಶೇ 5 ಎಂಬುದೂ ಒಂದು ಮಾದರಿಯ ಉತ್ತರವೇ. ಉರಿಯುವ ವೇಗವನ್ನು ಹೇಳುವ ಹೊಸ ಮಾದರಿಯನ್ನು ಇದರ ಎದುರು ಇಟ್ಟು ‘ತಾಳೆಯಾಯಿತು’ ಎಂದರೆ, ಹಳೆಯ ಊಹೆಯೊಂದಿಗೆ ಹೊಸ ಊಹೆ ಕೈಕುಲುಕಿದಂತೆ. ಈ ಇಡೀ ವಿಷಯದಲ್ಲಿ ಅತಿ ದುರ್ಬಲವಾದ ಕೊಂಡಿ ಇದು ಎಂದು ನನಗನ್ನಿಸುತ್ತದೆ. ವಿಚಿತ್ರವೆಂದರೆ ಅತಿ ಹೆಚ್ಚು ಉಲ್ಲೇಖಗೊಳ್ಳುವುದೂ ಇದೇ ಅಂಕಿ.

ಹೊಗೆಯ ಮಾದರಿಗಳ ಸ್ಥಿತಿ ಇದಕ್ಕಿಂತ ವಾಸಿ. ಹೊಗೆಯನ್ನು ಅಳೆಯಬಹುದು, ವಿಮಾನ ಹಾರಿಸಬಹುದು, ಮಾದರಿ ಹೇಳಿದ ದಿಕ್ಕಿಗೆ ಹೋಯಿತೇ ಎಂದು ನೋಡಬಹುದು. ಎಣ್ಣೆ ಹೊತ್ತಿಕೊಳ್ಳುತ್ತದೆಯೇ, ಅಲೆಯಲ್ಲಿ ಎಷ್ಟು ಹೊತ್ತು ಉರಿಯುತ್ತದೆ, ಉಳಿದ ಟಾರಿನಂಥ ಮುದ್ದೆ ತೇಲುತ್ತದೆಯೋ ಮುಳುಗುತ್ತದೆಯೋ ಎಂಬ ಪ್ರಶ್ನೆಗಳಿಗೆ ಉತ್ತರ ಇನ್ನೂ ಜೊಳ್ಳು. 1991ರಲ್ಲಿ ಇಟಲಿಯ ಜಿನೋವಾ ಬಳಿ ಹೇವನ್ ಟ್ಯಾಂಕರ್ ಉರಿದಾಗ ಶೇಷ ಸಮುದ್ರದ ತಳ ಸೇರಿತು. ತಳಕ್ಕೆ ಹೋದದ್ದು ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ, ಬಲೆಯಲ್ಲಿ ಕಾಣುತ್ತದೆ.

ಸುಡುವವರ ವಾದ, ತಡೆಯುವವರ ವಾದ

ಸುಡುವುದರ ಪರ ಇರುವವರ ವಾದ ಲೆಕ್ಕದ್ದು. ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ದಪ್ಪ ಕರಗಿಸುವ ಬೇರೆ ಸಾಧನ ಇಲ್ಲ. ನೀರಿನ ಮೇಲಿನ ಎಣ್ಣೆ ಬಾಚುವ ಸ್ಕಿಮ್ಮರ್ ಯಂತ್ರಗಳು ಎಣ್ಣೆಯೊಡನೆ ಅಪಾರ ನೀರನ್ನೂ ಎತ್ತುತ್ತವೆ. ಅದನ್ನು ತುಂಬಿಡಲು ಟ್ಯಾಂಕ್ ಬೇಕು, ಸಾಗಿಸಲು ಹಡಗು ಬೇಕು, ಕೊನೆಗೆ ಹೂಳಲು ಜಾಗ ಬೇಕು. ಮೆಕ್ಸಿಕೊ ಕೊಲ್ಲಿಯಲ್ಲಿ ಅಷ್ಟೊಂದು ಹಡಗುಗಳು ಸೇರಿ ಸ್ಕಿಮ್ಮರ್‌ನಿಂದ ಎತ್ತಿದ್ದು ಶೇ 3 ಎಂಬ ಅಂದಾಜು, ಸುಟ್ಟದ್ದಕ್ಕಿಂತ ಕಡಿಮೆ. ಸುಟ್ಟ ಎಣ್ಣೆ ತೀರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೂ ಬರುವುದಿಲ್ಲ, ಆಮೆ ಮೊಟ್ಟೆಯಿಡುವ ಮರಳಿಗೂ ಬರುವುದಿಲ್ಲ.

ವಿರೋಧಿಸುವವರು ಹೇಳುವುದು: ಮಾಲಿನ್ಯ ಮಾಯವಾಗಲಿಲ್ಲ, ನೀರಿನಿಂದ ಗಾಳಿಗೆ ಸ್ಥಳಾಂತರವಾಯಿತು. ಅಮೆರಿಕದಲ್ಲಿ ಹೊಗೆಯ ಸೂಕ್ಷ್ಮ ಕಣಗಳಿಗೆ ಗಂಟೆಯ ಸರಾಸರಿ ಘನ ಮೀಟರ್‌ಗೆ 150 ಮೈಕ್ರೋಗ್ರಾಂ ಎಂಬ ಮಾರ್ಗದರ್ಶಿ ಮಿತಿ ಇದೆ. ಮಾದರಿಯ ಸರಾಸರಿ ಅದರೊಳಗೆ ಬಂದರೂ ಅಸ್ತಮಾ ಇರುವವರು ಉಸಿರಾಡುವುದು ಸರಾಸರಿಯನ್ನಲ್ಲ. 2010ರಲ್ಲಿ ಬೂಮ್‌ನೊಳಗೆ ಸಿಲುಕಿದ ಕಡಲಾಮೆಗಳು ಸುಡುತ್ತಿವೆ ಎಂಬ ದೂರು ನ್ಯಾಯಾಲಯದ ಮೆಟ್ಟಿಲೇರಿತ್ತು. ಅದು ಯಾವ ಬೆಂಕಿ ಮಾದರಿಯ ಲೆಕ್ಕದಲ್ಲೂ ಇಲ್ಲದ ವಿಷಯ.

ಮೂರನೆಯ ಗುಂಪು ಮಾದರಿ ಕಟ್ಟುವವರದೇ. ಅವರೊಳಗೂ ಒಮ್ಮತವಿಲ್ಲ. ತುರ್ತಿನಲ್ಲಿ ಹತ್ತು ನಿಮಿಷಕ್ಕೆ ಒರಟು ಉತ್ತರ ಕೊಡುವ ಸರಳ ಮಾದರಿ ಸಾಕು ಎನ್ನುವವರು ಕೆಲವರು. ಭೌತಶಾಸ್ತ್ರವನ್ನು ಪೂರ್ತಿ ಬಿಡಿಸದಿದ್ದರೆ ಹೊಸ ವಿಧಾನಗಳನ್ನು ವಿನ್ಯಾಸ ಮಾಡಲಾಗದು ಎನ್ನುವವರು ಇನ್ನು ಕೆಲವರು. ಇಬ್ಬರೂ ಸರಿ, ಯಾಕೆಂದರೆ ಇಬ್ಬರ ಪ್ರಶ್ನೆಗಳು ಬೇರೆ. ಒಬ್ಬರ ಉಪಕರಣವನ್ನು ಇನ್ನೊಬ್ಬರ ಕೆಲಸಕ್ಕೆ ಬಳಸಿದಾಗಲೇ ಎಡವಟ್ಟಾಗುವುದು.

ಮತ್ತೆ ಬೆಂಕಿಯ ಸುಂಟರಗಾಳಿಗೆ

ಈಗ ಸುದ್ದಿಯನ್ನು ಮತ್ತೊಮ್ಮೆ ಓದಬಹುದು. 2003ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ವಿಸ್ಕಿಯ ಗೋದಾಮಿಗೆ ಸಿಡಿಲು ಬಡಿದು, ಮದ್ಯ ಪಕ್ಕದ ಕೊಳಕ್ಕೆ ಹರಿದು, ನೀರಿನ ಮೇಲೆ ಬೆಂಕಿಯ ಸುಳಿ ಎದ್ದಿತ್ತು. ಆ ದೃಶ್ಯ ಸಂಶೋಧಕರ ತಲೆಯಲ್ಲಿ ಉಳಿಯಿತು. ಸುಳಿಯಾಗಿ ತಿರುಗುವ ಬೆಂಕಿ ಸುತ್ತಲಿನ ಗಾಳಿಯನ್ನು ಬಲವಾಗಿ ಎಳೆದುಕೊಳ್ಳುತ್ತದೆ, ಎಣ್ಣೆಯ ಮೈಗೆ ಹತ್ತಿರವಾಗಿ ನಿಲ್ಲುತ್ತದೆ, ಹೆಚ್ಚು ಬಿಸಿಯಾಗಿ ವೇಗವಾಗಿ ಉರಿಯುತ್ತದೆ. ಮಸಿಯಾಗಬೇಕಿದ್ದ ಕಣಗಳಲ್ಲಿ ಒಂದು ಪಾಲು ಒಳಗೇ ಸುಟ್ಟುಹೋಗುತ್ತದೆ. 2016ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಂಥ ಸುಳಿಯೊಂದು ಮಸಿಯೇ ಇಲ್ಲದ ನೀಲಿ ಜ್ವಾಲೆಯಾಗಿ ಮಾರ್ಪಟ್ಟದ್ದು ಪತ್ತೆಯಾಯಿತು. ಆ ನೀಲಿ ಸುಳಿಯ ಒಳರಚನೆ ಅಳತೆಗೆ ಸುಲಭವಾಗಿ ದಕ್ಕಲಿಲ್ಲ. ಹಲವು ಬಗೆಯ ಜ್ವಾಲೆಗಳು ಅದರಲ್ಲಿ ಒಂದಾಗಿ ಸೇರಿವೆ ಎಂದು 2020ರಲ್ಲಿ ಬಿಡಿಸಿ ತೋರಿಸಿದ್ದು ಕಂಪ್ಯೂಟರ್ ಲೆಕ್ಕ. ಮಾದರಿ ತನ್ನ ಬೆಲೆಯನ್ನು ಪೂರ್ತಿ ತೋರಿಸಿದ ಸಂದರ್ಭ ಅದು.

ಈಗಿನ ದೊಡ್ಡ ಪ್ರಯೋಗದಲ್ಲಿ ಸುಮಾರು ಒಂದೂವರೆ ಮೀಟರ್ ಅಗಲದ ತೊಟ್ಟಿಯ ಸುತ್ತ ತ್ರಿಕೋನವಾಗಿ ಮೂರು ಎತ್ತರದ ಗೋಡೆ ನಿಲ್ಲಿಸಿ, ನಡುವಿನ ಸಂದುಗಳಿಂದ ಗಾಳಿ ತಿರುಗುತ್ತ ನುಗ್ಗುವಂತೆ ಮಾಡಿ, ಐದು ಮೀಟರ್‌ಗೂ ಎತ್ತರದ ಸುಳಿ ಎಬ್ಬಿಸಿದರು. ಅಂಕಿಗಳು ಬಂದದ್ದು ಅಲ್ಲಿಂದ. ಪ್ರಯೋಗ ಗಟ್ಟಿಯಾದದ್ದೇ. ಆದರೆ ಗೋಡೆಗಳು ನೆಲದ ಮೇಲಿದ್ದವು. ಸುಳಿ ಹುಟ್ಟಲು ಗಾಳಿ ಹದವಾಗಿರಬೇಕು. ಅಡ್ಡಗಾಳಿ ಬಲವಾದರೆ ಅದು ಓರೆಯಾಗುತ್ತದೆ, ಕಡಿದುಹೋಗುತ್ತದೆ. ಅಲೆಯ ಮೇಲೆ ಓಲಾಡುವ ಗೋಡೆಗಳ ನಡುವೆ ಏನಾಗುತ್ತದೆ ಎಂಬುದಕ್ಕೆ ಸದ್ಯಕ್ಕೆ ಮಾದರಿಯ ಮಾತೇ ಆಧಾರವಾಗಬೇಕು. ಆ ಮಾದರಿಯನ್ನು ಪರೀಕ್ಷಿಸಿರುವುದು ಮತ್ತೆ ನೆಲದ ಮೇಲಿನ ತೊಟ್ಟಿಯಲ್ಲಿ.

ನಮ್ಮ ಕಡಲಿನಲ್ಲಿ ಮಾದರಿ ಏನು ಹೇಳೀತು?

ಕರ್ನಾಟಕದ ಕರಾವಳಿಗೆ ಇದು ದೂರದ ವಿಷಯವಲ್ಲ. ಎಂಆರ್‌ಪಿಎಲ್ ತೈಲಾಗಾರಕ್ಕೂ, ಮಂಗಳೂರಿನ 15 ಲಕ್ಷ ಟನ್ ಮತ್ತು ಪಾದೂರಿನ 25 ಲಕ್ಷ ಟನ್ ಸಾಮರ್ಥ್ಯದ ಭೂಗತ ಸಂಗ್ರಹಾಗಾರಗಳಿಗೂ ಕಚ್ಚಾ ತೈಲ ಬರುವುದು ಭಾರಿ ಟ್ಯಾಂಕರ್‌ಗಳಲ್ಲಿ, ಹೆಚ್ಚಾಗಿ ತೀರದಿಂದಾಚೆ ಟ್ಯಾಂಕರ್ ಕಟ್ಟಿ ಎಣ್ಣೆ ಇಳಿಸುವ ತೇಲುಬಂಧದ ಮೂಲಕ. ಆದರೂ ನಮ್ಮ ಸುತ್ತ ನಿಜವಾಗಿ ನಡೆದ ಸೋರಿಕೆಗಳ ಪಟ್ಟಿ ನೋಡಿದರೆ ಕಾಣುವುದು ಬೇರೆ ಚಿತ್ರ. 2006ರ ಮೇ 30ರಂದು ಕಾರವಾರದ ಬಳಿ ಓಷನ್ ಸೆರಾಯಾ ಹಡಗು ಬಂಡೆಗೆ ಸಿಲುಕಿ ಸುಮಾರು 650 ಟನ್ ಇಂಧನ ತೈಲ ಸೋರಿತು. 2017ರ ಜನವರಿಯಲ್ಲಿ ಚೆನ್ನೈನ ಎಣ್ಣೂರು ಬಳಿ ಎರಡು ಹಡಗುಗಳು ಡಿಕ್ಕಿಯಾದಾಗ ಜನ ಬಕೆಟ್‌ಗಳಲ್ಲಿ ಎಣ್ಣೆ ಬಾಚಿದರು. 2025ರ ಮೇ 25ರಂದು ಕೊಚ್ಚಿಯಾಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3ರ ಟ್ಯಾಂಕ್‌ಗಳಲ್ಲಿ 367 ಟನ್ ಫರ್ನೇಸ್ ಆಯಿಲ್ ಇತ್ತು.

ಮೂರರಲ್ಲೂ ಇದ್ದದ್ದು ಕಚ್ಚಾ ತೈಲವಲ್ಲ, ಹಡಗಿನ ಭಾರದ ಇಂಧನ. ಬೆಂಕಿ ಹತ್ತಲು ಹತ್ತು ಪಟ್ಟು ದಪ್ಪ ಬೇಡುವಂಥದ್ದು. ಎರಡು ಅಪಘಾತಗಳು ಮುಂಗಾರಿನ ಹೊಸ್ತಿಲಲ್ಲಿ ನಡೆದವು. ಅಲೆ ಒಂದು ಮೀಟರ್ ಮೀರಿದರೆ, ಗಾಳಿ 20 ನಾಟ್ ದಾಟಿದರೆ ಬೂಮ್‌ನಲ್ಲಿ ಎಣ್ಣೆ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಈ ಮಿತಿಯೊಳಗೆ ಇರುವ ದಿನಗಳು ಅಪರೂಪ. ಜೂನ್, ಜುಲೈನಲ್ಲಂತೂ ಮೀನುಗಾರಿಕೆಯ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಅಂಥ ದಿನ ಯಾವ ಒಳ್ಳೆಯ ಮಾದರಿಯೂ ಕೊಡಬೇಕಾದ ಉತ್ತರ ‘ಬೇಡ’ ಎಂಬುದು.

ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಶಾಂತ ಕಡಲಿನಲ್ಲಿ, ಟ್ಯಾಂಕರ್‌ನಿಂದ ಕಚ್ಚಾ ತೈಲ ಸೋರಿದರೆ ಪ್ರಶ್ನೆ ಗಂಭೀರವಾಗುತ್ತದೆ. ಆದರೆ ಅಲ್ಲೂ ಜನವಸತಿಯಿಂದ ಎಷ್ಟು ದೂರದಲ್ಲಿ ಸುಡಬಹುದು ಎಂಬ ಅಲಾಸ್ಕಾದ ಲೆಕ್ಕವನ್ನು ತಂದು ಹರಡಿದರೆ ಆಗದು. ಸುಡುವುದು ಹಗಲಿನಲ್ಲಿ, ಎಣ್ಣೆ ಕಣ್ಣಿಗೆ ಕಾಣಬೇಕಾದ್ದರಿಂದ. ನಮ್ಮ ಕರಾವಳಿಯಲ್ಲಿ ಹಗಲೇರಿದಂತೆ ಗಾಳಿ ಬೀಸುವುದು ಕಡಲಿನಿಂದ ನೆಲದ ಕಡೆಗೆ, ಅಂದರೆ ಹೊಗೆಯ ದಾರಿ ಊರಿನತ್ತ. ಹಿಂದೆ ಪಶ್ಚಿಮ ಘಟ್ಟ ನಿಂತಿದೆ. ಕಾರವಾರದಲ್ಲಂತೂ ಗುಡ್ಡಗಳು ಕಡಲಿಗೇ ಬಂದು ನಿಲ್ಲುತ್ತವೆ. ಸಮತಟ್ಟಾದ ನೆಲದ ಲೆಕ್ಕದಲ್ಲಿ ಕೆಲವೇ ಕಿಲೋಮೀಟರ್‌ಗಳಲ್ಲಿ ಮಿತಿಯೊಳಗೆ ಬರುವ ಹೊಗೆ, ಗುಡ್ಡಕ್ಕೆ ತಾಗುವ ಕಡೆ ಇನ್ನೂ ಬಹಳ ದೂರದವರೆಗೆ ದಟ್ಟವಾಗಿಯೇ ಇರಬಹುದು. ಬೆಳಗಿನ ಕೆಲವು ಗಂಟೆ, ನೆಲದ ಗಾಳಿ ಇನ್ನೂ ಕಡಲಿನತ್ತ ಬೀಸುತ್ತಿರುವಾಗ, ಒಂದು ಕಿರಿದಾದ ಅವಕಾಶ ಇರಬಹುದು. ಆ ಅವಕಾಶ ಎಷ್ಟು ಹೊತ್ತಿನದು ಎಂದು ಹೇಳುವ ಮಾದರಿ ಇದ್ದರೆ ಅದು ಬೆಲೆಯುಳ್ಳದ್ದು.

ಮಾದರಿಯಿಂದ ಏನನ್ನು ಕೇಳಬೇಕು

ಸಮುದ್ರದ ತೈಲ ಸೋರಿಕೆಗೆ ಹೊಣೆಯಾದ ಕೋಸ್ಟ್ ಗಾರ್ಡ್ ನಮ್ಮಲ್ಲಿ ಹೆಚ್ಚಾಗಿ ನೆಚ್ಚಿಕೊಂಡಿರುವುದು ಬೂಮ್, ಸ್ಕಿಮ್ಮರ್ ಮತ್ತು ಎಣ್ಣೆ ಚದುರಿಸುವ ರಾಸಾಯನಿಕಗಳನ್ನು. ಹೊಸ ಸಂಶೋಧನೆಗಳ ಸುದ್ದಿ ಹೆಚ್ಚಿದಂತೆ ಸುಡುವ ಸಾಧನಗಳನ್ನೂ ಕೊಳ್ಳಬೇಕೆಂಬ ಒತ್ತಡ ಬರಬಹುದು. ಕೊಳ್ಳುವ ಮುನ್ನ ಕೇಳಬೇಕಾದದ್ದು ಮಾದರಿಯ ಸರಾಸರಿ ಉತ್ತರವನ್ನಲ್ಲ, ಅದು ಎಷ್ಟು ತಪ್ಪಬಹುದು ಎಂಬುದನ್ನು.

ಇದಕ್ಕೆ ಒಂದು ಒಳ್ಳೆಯ ಮೇಲ್ಪಂಕ್ತಿ ಈಗಾಗಲೇ ಇದೆ. ಗ್ನೋಮ್ ಎಣ್ಣೆಯ ದಾರಿಯನ್ನು ತೋರಿಸುವಾಗ ಎರಡು ಬಗೆಯ ಚುಕ್ಕೆಗಳನ್ನು ಹಾಕುತ್ತದೆ. ಕಪ್ಪು ಚುಕ್ಕೆಗಳು ಅದರ ಅತ್ಯುತ್ತಮ ಊಹೆ. ಕೆಂಪು ಚುಕ್ಕೆಗಳು, ಗಾಳಿ ಮತ್ತು ಪ್ರವಾಹದ ಅಂದಾಜು ತಪ್ಪಿದರೆ ಎಣ್ಣೆ ಎಲ್ಲೆಲ್ಲಿಗೆ ಹೋಗಬಹುದು ಎಂಬುದರ ಗುರುತು; ಆಮೇಲೆ ಪಶ್ಚಾತ್ತಾಪ ಪಡುವಂತಾಗಬಾರದು ಎಂದು ಇಟ್ಟದ್ದು. ಬೆಂಕಿ ಮತ್ತು ಹೊಗೆಯ ಮಾದರಿಗಳಿಗೂ ಇಂಥ ಕೆಂಪು ಚುಕ್ಕೆ ಬೇಕು. ಮಸಿಯ ಅಂಕಿ ಶೇ 4 ಆದರೆ ಸುರತ್ಕಲ್‌ನ ಗಾಳಿ ಹೇಗಿರುತ್ತದೆ, ಶೇ 15 ಆದರೆ ಹೇಗಿರುತ್ತದೆ ಎಂದು ಒಂದೇ ನಕ್ಷೆಯಲ್ಲಿ ಎರಡನ್ನೂ ತೋರಿಸಬೇಕು.

ಎರಡನೆಯದು, ಅಳತೆ. ನಮ್ಮ ಬಂದರುಗಳಿಗೆ ಬರುವ ಕಚ್ಚಾ ತೈಲ ಮತ್ತು ಹಡಗಿನ ಇಂಧನ, ನಮ್ಮ ಬೆಚ್ಚನೆಯ ಉಪ್ಪುನೀರಿನ ಮೇಲೆ, ಅಲೆ ಎಬ್ಬಿಸುವ ತೊಟ್ಟಿಯಲ್ಲಿ ಎಷ್ಟು ಗಂಟೆಗಳವರೆಗೆ ಹೊತ್ತಿಕೊಳ್ಳುತ್ತವೆ? ಬಿಸಿಲಿಗೆ ಹಗುರ ಭಾಗ ಬೇಗ ಆರಿಹೋಗುತ್ತದೆ, ಅದು ಸುಡಲು ಪ್ರತಿಕೂಲ. ಬೆಚ್ಚನೆಯ ಎಣ್ಣೆ ಬೇಗ ಆವಿಯಾಗುತ್ತದೆ, ಅದು ಅನುಕೂಲ. ತೆಳುವಾಗಿ ಬೇಗ ಹರಡುತ್ತದೆ, ಅದು ಮತ್ತೆ ಪ್ರತಿಕೂಲ. ಮೂರರಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂದು ಅಲಬಾಮಾದ ತೊಟ್ಟಿಯಾಗಲಿ ನ್ಯೂಫೌಂಡ್‌ಲ್ಯಾಂಡ್‌ನ ತಣ್ಣನೆಯ ಕಡಲಾಗಲಿ ಹೇಳಲಾರದು. ಇಂಥ ಪರೀಕ್ಷೆಗೆ ಕಡಲಿಗೆ ಒಂದು ಹನಿ ಎಣ್ಣೆಯನ್ನೂ ಸುರಿಯಬೇಕಾಗಿಲ್ಲ, ಒಂದು ತೊಟ್ಟಿ, ತೂಕದ ಯಂತ್ರ ಮತ್ತು ಕೆಲವು ತಿಂಗಳ ತಾಳ್ಮೆ ಇದ್ದರೆ ಮೊದಲ ಉತ್ತರಗಳು ಸಿಗುತ್ತವೆ.